ಎರಡನೇ ಪುಟದ ಸೊನ್ನೆ

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಮೋನಿಕಾ ನನ್ನ ಅಂಗಡಿಗೆ ಬಂದು ಒಂದು ರಿಮೋಟನ್ನು ಕೌಂಟರಿನ ಮೇಲಿಟ್ಟಳು. ಅದಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಹೊಲಿದಿತ್ತು. ಕಂಡಕೂಡಲೇ ಗುರುತು ಹಿಡಿದೆ, ಹೊಲಿದವನು ನಾನೇ.

"ಅಣ್ಣ, ಅಜ್ಜನ ಬಾಯಿ ಮುಚ್ಚಿಸಿಬಿಟ್ಟಿದ್ದಾರೆ," ಎಂದಳು. "ನಾನೇ ಮಾಡಿದೆ ಅಂತಾರೆ. ನಾಳೆಯಿಂದ ಬರಬೇಡ ಅಂದ್ರು."

ಅಜ್ಜ ಎಂದರೆ ಭದ್ರಾವತಿಯ ಕೊಟ್ರಬಸಪ್ಪನವರು. ಶಿವಮೊಗ್ಗದ ಪ್ರೆಸ್ಸೊಂದರಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ನೋಡಿದವರು. ಎರಡು ವರ್ಷದ ಹಿಂದೆ ಮೆದುಳಿಗೆ ಪೆಟ್ಟಾಗಿ ಮಲಗಿದರು. ನಾಲಿಗೆ ಹೊರಳದು, ಕೈಕಾಲು ಆಡದು, ಆದರೆ ತಲೆ ಮೊದಲಿನಷ್ಟೇ ಚುರುಕು. ಆಡುವುದು ಎಡಗೈ ಹೆಬ್ಬೆರಳೊಂದೇ. ಫೋನಿನ ಗಾಜಿನ ಮೇಲೆ ಅದು ಜಾರುತ್ತಿತ್ತು, ರಿಮೋಟಿನ ಗುಂಡಿಯನ್ನು ಮಾತ್ರ ಒತ್ತಬಲ್ಲುದು. ಹಾಗಾಗಿ ನಾನು ರಿಮೋಟನ್ನು ಅವರ ಅಂಗೈಗೆ ಕಟ್ಟಿ, ಟಿವಿಯಲ್ಲಿ ವಿಡಿಯೊ ಹುಡುಕುವ ಆ್ಯಪ್ ತೆಗೆದು, ಕನ್ನಡ ಕೀಬೋರ್ಡ್ ಇಟ್ಟುಕೊಟ್ಟಿದ್ದೆ. ಹುಡುಕುವ ಜಾಗದಲ್ಲಿ ಅವರು ಒಂದೊಂದೇ ಅಕ್ಷರ ಒತ್ತುವರು, ಮನೆಯವರು ಪರದೆ ನೋಡಿ ಓದುವರು. 'ನೀರು' ಎನ್ನುವುದಕ್ಕೆ ಒಂದೂವರೆ ನಿಮಿಷ ಬೇಕಾಗುತ್ತಿತ್ತು.

ಆ ಟಿವಿಗೆ ಹನ್ನೊಂದು ವರ್ಷ. ಕಂಪನಿಯವರು ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಗಿದೆ. ಗಾಜು ಚೆನ್ನಾಗಿದೆ, ದನಿ ಚೆನ್ನಾಗಿದೆ, ಆದರೂ ಅದರ ಆಯಸ್ಸು ಮುಗಿಯಿತು ಎಂದು ಎಲ್ಲೋ ಕೂತ ಯಾರೋ ತೀರ್ಮಾನಿಸುತ್ತಾರೆ. ನನಗೆ ಮೈ ಉರಿಯುವುದು ಇದಕ್ಕೇ. ಆ್ಯಪಿನ ಹೊಸ ಆವೃತ್ತಿ ಅದರಲ್ಲಿ ಕೂರುವುದಿಲ್ಲ. ಹಳೆಯದು ಒಮ್ಮೆ ಅಳಿಸಿಹೋದರೆ ಮತ್ತೆ ಸಿಗುವುದೂ ಇಲ್ಲ. ಅದಕ್ಕೇ ಪರದೆಯ ಕೆಳಗೆ ಬಿಳಿ ಟೇಪ್ ಅಂಟಿಸಿ, ಮಗ್ಗುಲಿನ ರೀಸೆಟ್ ಗುಂಡಿಯ ಕಡೆಗೆ ಬಾಣ ಬರೆದು, ಎಚ್ಚರಿಕೆಯನ್ನೂ ಬರೆದಿದ್ದೆ.

"ಯಾರೋ ಆ ಗುಂಡಿ ಒತ್ತಿದಾರೆ," ಎಂದಳು ಮೋನಿಕಾ. "ಬೆಳಿಗ್ಗೆ ಎಂಟಕ್ಕೆ ನಾನು ಟಿವಿ ಹಾಕಿದೆ. ಮೊದಲು ಇಂಗ್ಲಿಷ್ ಬರ್ತಿತ್ತಲ್ಲ, ಈಗ ಎಲ್ಲಾ ಕನ್ನಡ. ನಂಗೆ ಓದೋಕೆ ಬರಲ್ಲ, ಅಜ್ಜನ ಮನೆ ಅಮ್ಮನ್ನ ಕರೆದೆ. ಮೊದಲು ಮುಟ್ಟಿದ್ದು ನಾನು, ಅದಕ್ಕೆ ನಾನೇ ಕಳ್ಳಿ."

ಮೋನಿಕಾ ಭದ್ರಾವತಿಯ ತಮಿಳು ಮನೆಯ ಹುಡುಗಿ, ಹಗಲು ಹೊತ್ತು ಅಜ್ಜನನ್ನು ನೋಡಿಕೊಳ್ಳಲು ಹೋಗುವವಳು. ಕನ್ನಡ ಸಲೀಸಾಗಿ ಆಡುತ್ತಾಳೆ, ಓದುವುದು ಇಂಗ್ಲಿಷ್ ಮತ್ತು ತಮಿಳು ಮಾತ್ರ. ನೀರು, ಬೆನ್ನು ಎಂಬೆರಡು ಮಾತುಗಳನ್ನು ಆಕಾರದಿಂದ ಗುರುತು ಹಿಡಿಯುವಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಕೋಟೆ ಬೀದಿಯಲ್ಲಿರುವ ನನ್ನ ಅಂಗಡಿಯ ಮಾಳಿಗೆಯಲ್ಲಿ ಸುಭದ್ರಮ್ಮ ಟೀಚರ್ ಇದ್ದಾರೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರು. ಈಗ ಊರವರ ತಾಪತ್ರಯಗಳ ತಪ್ಪು ತಿದ್ದುತ್ತಾರೆ. ಕಳೆದುಹೋದ ಉಯಿಲಿನಿಂದ ಹಿಡಿದು ಕದ್ದ ದೇವರ ದೀಪದವರೆಗೆ ಅವರು ಪತ್ತೆ ಮಾಡುವಾಗೆಲ್ಲ ಪಕ್ಕದಲ್ಲಿ ನಿಂತು ಬೈಸಿಕೊಂಡವನು ನಾನು.

"ಎಲ್ಲಾ ಕೇಳಿಸ್ಕೊಂಡೆ," ಎಂದರು. "ಹಾಲೇಶ, ಬಾಗಿಲು ಹಾಕು ಮಾರಾಯ. ಮನುಷ್ಯನ ಮಾತು ಕಳೆದುಹೋಗಿರೋವಾಗ ಮಿಕ್ಸಿ ರಿಪೇರಿ ಕಾಯುತ್ತೆ."

ವ್ಯಾನಿನಲ್ಲಿ ಹೋಗುವಾಗ ಮೋನಿಕಾ ನನ್ನನ್ನು ಮೆಲ್ಲಗೆ ಚುಚ್ಚಿದಳು. "ಒಂದು ತಿಂಗಳಿಂದ ಕೀಬೋರ್ಡ್ ಎರಡನೇ ಪುಟಕ್ಕೆ ಹೋದ್ರೆ ಬಿದ್ದೋಗುತ್ತೆ ಅಂತ ಫೋನ್ ಮಾಡಿದ್ದೆನಲ್ಲ ಅಣ್ಣ. ಅಲ್ಲಿ ತನಕ ಒತ್ತಿದ್ದನ್ನೇ ಹುಡುಕಿಬಿಡುತ್ತೆ."

"ಹಳೇ ಟಿವಿ, ಹಂಗೇ ಅಂದಿದ್ದೆ," ಎಂದು ಒಪ್ಪಿಕೊಂಡೆ. ಟೀಚರ್ ನನ್ನ ಕಡೆ ತಿರುಗಿ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಕೊಟ್ರಬಸಪ್ಪನವರ ಮನೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಮೊದಲ ಮಹಡಿ. ಇಕ್ಕಟ್ಟಿನ ಮೆಟ್ಟಿಲು ನಡುವೆ ಮೊಣಕೈಯಂತೆ ತಿರುಗುತ್ತದೆ. ರೋಗಿಯ ಮಂಚವನ್ನು ಬಿಚ್ಚಿ ಬಿಡಿಬಿಡಿಯಾಗಿ ಸಾಗಿಸಿದ್ದರು. ಹದಿನಾಲ್ಕು ತಿಂಗಳಿಂದ ಅವರು ಕೆಳಗಿಳಿದಿರಲಿಲ್ಲ. ಕೋಣೆಗೆ ಒಂದೇ ಕಿಟಕಿ, ಅದರಾಚೆ ಪಕ್ಕದ ಬ್ಲಾಕಿನ ಗೋಡೆ. ಏಪ್ರಿಲ್ ಸೆಕೆಯಲ್ಲಿ ಆ ಕೋಣೆಯೊಳಗೆ ನಿಂತ ಎರಡೇ ನಿಮಿಷಕ್ಕೆ ನನಗೆ ಹೊರಗೆ ಓಡಿಹೋಗಬೇಕೆನ್ನಿಸಿತು.

ಹೆಂಡತಿ ಕಲ್ಲಮ್ಮ ಗಂಡನ ಗಲ್ಲ ಒರೆಸುತ್ತಿದ್ದರು. ಶಂಕರಘಟ್ಟದಲ್ಲಿ ಗುಮಾಸ್ತನಾಗಿರುವ ಮಗ ವೀರೇಂದ್ರ ರಜೆ ಹಾಕಿ ಕುಳಿತಿದ್ದ.

"ಇದರಲ್ಲಿ ಪತ್ತೆ ಮಾಡೋದೇನಿಲ್ಲ ಟೀಚರ್," ಎಂದ. "ಅಪ್ಪನೇ ಹೇಳಿದ್ದಾರೆ. ಕಣ್ಣು ಒಂದು ಸಲ ಮಿಟುಕಿಸಿದ್ರೆ ಹೌದು, ಎರಡು ಸಲ ಮಿಟುಕಿಸಿದ್ರೆ ಇಲ್ಲ. ಮೋನಿಕಾ ಒತ್ತಿದ್ಲಾ ಅಂತ ಕೇಳಿದೆ. ಮುಚ್ಚಿದ್ರು."

"ಮುಚ್ಚಿ ತೆರೆದ್ರಾ?"

"ಇಲ್ಲ, ಮುಚ್ಚೇ ಇಟ್ಕೊಂಡ್ರು. ಬೇಜಾರಾಗಿತ್ತು ಅನ್ಸುತ್ತೆ."

ಟೀಚರ್ ನನ್ನ ಟೇಪಿನ ಬಳಿ ಬಗ್ಗಿದರು. "'ಇದನ್ನು ಒತಬೇಡಿ. ಒತಿದರೆ ಎಲ್ಲಾ ಹೋಗುತ್ತೆ.' ತ-ಗೆ ಒತ್ತು ಎಲ್ಲಿ ಹೋಯ್ತು ಹಾಲೇಶ? ಎರಡು ವರ್ಷದಿಂದ ಇವರು ಇದನ್ನ ನೋಡ್ಕೊಂಡು ಮಲಗಿದ್ದಾರೆ."

ಕಲ್ಲಮ್ಮನ ತುಟಿಯಂಚಿನಲ್ಲಿ ನಗು ಸುಳಿಯಿತು. "ಸರಿ ಮಾಡಿಸಿ ಅಂತ ಟೈಪ್ ಮಾಡಿದ್ರು ಒಂದಿನ. ತಪ್ಪು ಅಕ್ಷರ ಕಂಡ್ರೆ ಇವರಿಗೆ ಅನ್ನ ಸೇರಲ್ಲ. ತಾವು ಬರೆಯೋವಾಗ್ಲೂ ಅಷ್ಟೇ, ಒಂದು ಗೀಟು ತಪ್ಪಿದ್ರೆ ಎಲ್ಲಾ ಅಳಿಸಿ ಮೊದಲಿಂದ ಶುರು."

ನಾನು ಟಿವಿ ಹಾಕಿದೆ. 'ಈ ಸಾಧನಕ್ಕೆ ಈ ಆ್ಯಪ್‌ನ ಬೆಂಬಲ ನಿಂತಿದೆ' ಎಂಬ ಸಾಲು ಬಂತು. ಇಂಟರ್ನೆಟ್ ಜೋಡಿಸಿರಲಿಲ್ಲ. ಮೂಲೆಯಲ್ಲಿ ಜನವರಿ ಒಂದು, 21:40 ಎಂದು ತೋರಿಸುತ್ತಿತ್ತು. ನನ್ನ ವಾಚಿನಲ್ಲಿ ಮೂರು ಇಪ್ಪತ್ತು.

"ಗಡಿಯಾರವೂ ಕೆಟ್ಟಿದೆ," ಎಂದೆ.

"ಕರೆಂಟು ಹೋಗಿತ್ತಾ ನಿನ್ನೆ?" ಎಂದು ಟೀಚರ್ ಕೇಳಿದರು.

"ಹೋದ್ರೂ ಈ ಕೋಣೆಗೆ ಗೊತ್ತಾಗಲ್ಲ," ಎಂದ ವೀರೇಂದ್ರ. "ಗಾಳಿ ಹಾಸಿಗೆ ಪಂಪಿಗೆ ಅಂತ ಇನ್ವರ್ಟರ್ ಇದೆ. ಟಿವಿನೂ ಅದೇ ಲೈನು."

"ಯಾರು ಯಾವಾಗ ಇದ್ರಿ ನಿನ್ನೆ?"

ಮೋನಿಕಾ ಐದಕ್ಕೆ ಹೊರಟಿದ್ದಳು, ದಿನವೂ ಹಾಗೇ. ವೀರೇಂದ್ರ ಬಸ್ಸಿಳಿದು ಮನೆ ಸೇರಿದ್ದು ಆರೂವರೆಗೆ. ಮಲಗುವಾಗ ಟಿವಿ ಸರಿಯಾಗೇ ಇತ್ತು ಎಂದು ಕಲ್ಲಮ್ಮ ನೆಲ ನೋಡಿಕೊಂಡು ಹೇಳಿದರು.

"ಟಿವಿಯ ಅಕೌಂಟು ನಿನ್ನ ಫೋನಿನದೇ ಅಲ್ವೇನಪ್ಪ ವೀರೇಂದ್ರ? ಹುಡುಕಿದ್ದೆಲ್ಲ ಅದರಲ್ಲಿ ಉಳಿದಿರುತ್ತೆ ಅಂತ ಹಾಲೇಶ ಹೇಳ್ತಿರ್ತಾನೆ. ತೆಗಿ."

ಅವನು ತೆಗೆದುಕೊಟ್ಟ. ತಾನು ಇದನ್ನು ಒಮ್ಮೆಯೂ ನೋಡಿರಲಿಲ್ಲವೆಂದ. ಟೀಚರ್ ಕನ್ನಡಕ ಏರಿಸಿಕೊಂಡು ಉತ್ತರಪತ್ರಿಕೆ ತಿದ್ದುವ ಗತಿಯಲ್ಲಿ ಓದಿದರು. ಅವರ ಭುಜದ ಮೇಲಿಂದ ನಾನೂ ಓದಿದೆ. ತಿಂಗಳ ಹಿಂದೆ: ಸಂಗೀತ, ನಿಂಬೆಹಣ್ಣು, ಬೆನ್ನು, ಅಂಗಿ ಬಿಗಿ. ಆಮೇಲೆ: ನೀರು, ಸೆಕೆ, ಬೆನ್ನು, ನೀರು. ಎಂಟು ದಿನದ ಹಿಂದೆ: ಹೊರಗೆ. ಅದೇ ದಿನ 'ಸ' ಎಂಬ ಬರೀ ಒಂದು ಅಕ್ಷರ, ಎರಡು ಸಲ. ಆಮೇಲೆ ದಿನವೂ ಐದು ಗಂಟೆ ದಾಟಿದ ಮೇಲೆ ಒಂದೇ ಮಾತು. ಕೊನೆಯದು ನಿನ್ನೆ ಐದು ಮೂವತ್ತೆರಡಕ್ಕೆ.

'ಸಾಯ.'

ಟೀಚರ್ ಫೋನನ್ನು ಕವುಚಿಟ್ಟು, "ಆ ಕೀಬೋರ್ಡಿನ ಎರಡನೇ ಪುಟದಲ್ಲಿ ಏನೇನಿತ್ತು?" ಎಂದು ಕೇಳಿದರು.

"ಅಂಕಿಗಳು, ಚಿಹ್ನೆಗಳು. ಜಾಗ ಸಾಲದೆ ಸೊನ್ನೆ, ವಿಸರ್ಗ ಎರಡನ್ನೂ ಅಲ್ಲಿಗೇ ತಳ್ಳಿದ್ರು."

"ಎಲ್ಲರೂ ಮಂಚದ ಸುತ್ತ ಕೂತ್ಕೊಳ್ಳಿ," ಎಂದರು ಟೀಚರ್. "ಇವರ ವಿಷಯ ಇವರ ಬೆನ್ನ ಹಿಂದೆ ಮಾತಾಡೋದು ಬೇಡ."

ಕುಳಿತೆವು. ಕೊಟ್ರಬಸಪ್ಪನವರ ಕಣ್ಣುಗಳು ಒಬ್ಬೊಬ್ಬರನ್ನೇ ದಾಟಿ ಟೀಚರ್ ಮೇಲೆ ನಿಂತವು.

"ಮೊದಲು ಯಾರು ಅನ್ನೋದು," ಎಂದರು ಅವರು. "ಇಂಟರ್ನೆಟ್ ಇಲ್ಲದ ಟಿವಿಗೆ ಹೊತ್ತು ಹೇಳೋರಿಲ್ಲ. ರೀಸೆಟ್ ಆದ ಕ್ಷಣದಿಂದ ಅದು ಸೊನ್ನೆಯಿಂದ ಎಣಿಸ್ತಾ ಹೋಗುತ್ತೆ. ಹೌದಾ ಹಾಲೇಶ?"

ಹೌದು. ದಿನ ಬೆಳಗಾದರೆ ನೋಡುವ ವಿಷಯ, ನನಗೇ ಹೊಳೆದಿರಲಿಲ್ಲ.

"ಕರೆಂಟು ತಪ್ಪಿಲ್ಲ, ಆದ್ದರಿಂದ ಎಣಿಕೆ ತಪ್ಪಿಲ್ಲ. ನಾವು ನೋಡಿದಾಗ ಮೂರು ಇಪ್ಪತ್ತು. ಅದರಿಂದ ಇಪ್ಪತ್ತೊಂದು ಗಂಟೆ ನಲವತ್ತು ನಿಮಿಷ ಹಿಂದಕ್ಕೆ ಹೋದ್ರೆ ನಿನ್ನೆ ಸಾಯಂಕಾಲ ಐದು ನಲವತ್ತು. ಮೋನಿಕಾ ಹೋಗಿಯಾಗಿತ್ತು. ವೀರೇಂದ್ರ ಬಂದಿರಲಿಲ್ಲ. ಇನ್ನೊಂದು ವಿಷಯ. ರೀಸೆಟ್ ಆದ ಟಿವಿ ಮೊದಲು ಭಾಷೆ ಕೇಳುತ್ತೆ. ಒತ್ತಿದವರು ಕನ್ನಡ ಅಂದಿದ್ದಾರೆ. ಮೋನಿಕಾಗೆ ಆ ಟೇಪ್ ಓದೋಕೂ ಬರಲ್ಲ, ಕನ್ನಡ ಆರಿಸ್ಕೊಳ್ಳೋ ಕಾರಣವೂ ಇಲ್ಲ."

ವೀರೇಂದ್ರ ತಾಯಿಯ ಕಡೆಗೆ ತಿರುಗಿದ. "ಅಮ್ಮ?"

"ನಿಮ್ಮಪ್ಪ ಕಣ್ಣು ಮುಚ್ಚಿ ಹೌದು ಅನ್ನಲಿಲ್ಲ ಕಣಪ್ಪ," ಎಂದರು ಟೀಚರ್. "ಇಲ್ಲೇ ಮಲಗಿ ಎಲ್ಲಾ ನೋಡಿದ್ರು. ಮುಖ ತಿರುಗಿಸೋಕೆ ಆಗದವರು ಕಣ್ಣು ಮುಚ್ಕೊಂಡ್ರು. ಹೆಂಡ್ತೀನ ಹಿಡಿದುಕೊಡೋ ಮನಸ್ಸಿರಲಿಲ್ಲ."

ಕಲ್ಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು.

"ನಾನೇ," ಎಂದರು ಕೊನೆಗೆ. "ಹೊರಗೆ ಅಂತ ಬರೆದ್ರು. ಉರಿಬಿಸಿಲು ಕಣ್ರೀ, ಹೆಂಗೆ ಕರ್ಕೊಂಡು ಹೋಗೋದು ಅಂದೆ. ಆಮೇಲೆ ಸಾಯ ಅಂತ ಬರೆಯೋಕೆ ಶುರು ಮಾಡಿದ್ರು. ದಿನಾ. ಮೋನಿಕಾ ಹೋದ ಮೇಲೆ ನಾವಿಬ್ಬರೇ ಇರೋವಾಗ, ಅಷ್ಟು ದೊಡ್ಡ ಅಕ್ಷರದಲ್ಲಿ. ಎರಡು ವರ್ಷದಿಂದ ನಾನೂ ಈ ಬಾಗಿಲು ಬಿಟ್ಟು ತರಕಾರಿ ಗಾಡಿ ತನಕ ಹೋಗಿದ್ದೀನಿ, ಅಷ್ಟೇ. ಇಷ್ಟೆಲ್ಲಾ ಮಾಡಿ ಇವರನ್ನ ಉಳಿಸ್ಕೊಂಡಿದ್ದು ಇದನ್ನ ಓದೋಕಾ? ಪೂರ್ತಿ ಬರೆಯೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ ಅನ್ನಿಸ್ತು. ಟೇಪಲ್ಲಿ ಬರೆದಿತ್ತಲ್ಲ, ಒತ್ತಿದ್ರೆ ಹೋಗುತ್ತೆ ಅಂತ. ಒತ್ತಿದೆ."

ನನ್ನದೇ ಕೈಬರಹ ದಾರಿ ತೋರಿಸಿತ್ತು. ನಾನು ತಲೆ ತಗ್ಗಿಸಿದೆ.

"ಸಾಯಬೇಕಾ ಅಂತ ಇವರನ್ನ ಕೇಳಿದ್ರಾ?"

"ಹೌದು ಅಂದುಬಿಟ್ರೆ?" ಎಂದರು ಕಲ್ಲಮ್ಮ.

"ಎಂಟು ದಿನದಲ್ಲಿ ಒಂದು ಸಲವಾದರೂ ಆ ಮಾತನ್ನ ಪೂರ್ತಿ ಮಾಡಿದ್ರಾ?"

"ಇಲ್ಲ. ಅಲ್ಲಿಗೇ ನಿಲ್ಲೋದು."

"ಯಾಕೆ ನಿಲ್ತಿತ್ತು? ಸಾಯಬೇಕು ಅನ್ನೋದಾದ್ರೆ ಬ, ಕ, ಅವಕ್ಕೆ ಬೇಕಾದ ಗುಣಿತ, ಎಲ್ಲಾ ಮೊದಲ ಪುಟದಲ್ಲೇ ಇದ್ವು. ಬೆನ್ನು, ಸೆಕೆ ಅಂತ ಬರೆದವರಿಗೆ ಅದೇನು ಕಷ್ಟ? ಒಂದು ತಿಂಗಳಿಂದ ಎರಡನೇ ಪುಟ ತೆಗೆದ್ರೆ ಕೀಬೋರ್ಡ್ ಬೀಳ್ತಿದೆ. ಆ ತಿಂಗಳಲ್ಲಿ ಇವರು ಬರೆದಿದ್ದರಲ್ಲಿ ಒಂದೇ ಒಂದು ಸೊನ್ನೆ ಇಲ್ಲ. ಅದಕ್ಕೂ ಮೊದಲು ಸಂಗೀತ ಇದೆ, ನಿಂಬೆ ಇದೆ, ಅಂಗಿ ಇದೆ. ಸೊನ್ನೆ ಬಿಟ್ಟು ಬರೆಯಬಹುದಿತ್ತು, ಬೇರೆಯವರಾಗಿದ್ರೆ. ಇವರು ಬರೆಯಲ್ಲ." ಟೀಚರ್ ಮಂಚದ ಮೇಲೆ ಬಗ್ಗಿದರು. "ಮೊದಲು ಚಿಕ್ಕ ಮಾತು ನೋಡಿದ್ರಿ ಅಲ್ವಾ? ಎರಡು ಸಲ. ಎರಡು ಸಲವೂ 'ಸ' ಆದಮೇಲೆ ಬಿತ್ತು. ಆಮೇಲೆ ದೊಡ್ಡದು ಹಿಡಿದ್ರಿ. ಅದು 'ಸಾಯ' ಆದಮೇಲೆ ಬಿತ್ತು. ನಾನು ಹೇಳ್ತಾ ಹೋಗ್ತೀನಿ. ಮುಂದಿನದು ಬಂದಾಗ ಕಣ್ಣು ಮಿಟುಕಿಸಿ."

ಒಂದನೇ ತರಗತಿಗೆ ಹೇಳಿಕೊಡುವ ದನಿಯಲ್ಲಿ ಶುರು ಮಾಡಿದರು. "ಅ. ಆ. ಇ. ಈ."

ಕಣ್ಣು ಅಲುಗಲಿಲ್ಲ. ಉ, ಊ ಕಳೆಯಿತು. ಎ, ಏ, ಐ ಕಳೆಯಿತು.

"ಒ. ಓ. ಔ. ಅಂ."

ಕೊಟ್ರಬಸಪ್ಪನವರು ಕಣ್ಣು ಮುಚ್ಚಿದರು, ತೆರೆದರು. ಒಂದೇ ಸಲ.

"ಆಮೇಲೆ? ಕ."

ಮತ್ತೆ ಒಂದು ಸಲ.

"ಸಾಯಂಕಾಲ," ಎಂದುಬಿಟ್ಟರು ಕಲ್ಲಮ್ಮ. "ಅಯ್ಯೋ ನನ್ನ ಶಿವನೇ. ಬಿಸಿಲು ಅಂದಿದ್ದಕ್ಕೆ ಸಾಯಂಕಾಲ ಕರ್ಕೊಂಡು ಹೋಗು ಅಂದ್ರಾ? ಮೊದಲು ಸಂಜೆ ಅನ್ನೋಕೆ ನೋಡಿದ್ರಾ?"

ಅವರ ಕಣ್ಣು ಒಂದು ಸಲ ಮಿಟುಕಿತು. ಕಲ್ಲಮ್ಮ ಗಂಡನ ಎದೆಯ ಮೇಲೆ ತಲೆಯಿಟ್ಟು ಅತ್ತರು. ನನಗೂ ತಡೆಯಲಾಗಲಿಲ್ಲ, ಸುಳ್ಳೇಕೆ ಹೇಳಲಿ. ಒಂದು ಫೋನಿಗೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಆ ಹೆಂಗಸು ಎಂಟು ದಿನ ಒಬ್ಬಳೇ ಆ ಮಾತಿನೊಂದಿಗೆ ಇರಬೇಕಾಗಿರಲಿಲ್ಲ.

ಆಮೇಲೆ ಕಲ್ಲಮ್ಮ ಎದ್ದು ಮೋನಿಕಾಳ ಎರಡೂ ಕೈ ಹಿಡಿದುಕೊಂಡರು. "ನಿನ್ನ ಮೇಲೆ ಬಂದಾಗ ಬಾಯಿ ಬಿಡಲಿಲ್ಲ ನಾನು. ತಪ್ಪಾಯ್ತು ಮಾರಾಯ್ತಿ."

"ನಾಳೆ ಬರ್ತೀನಮ್ಮ," ಎಂದಳು ಮೋನಿಕಾ, ಬೇರೆ ಕಡೆ ನೋಡುತ್ತ. ವೀರೇಂದ್ರ ಏನೋ ಹೇಳಹೋದ, ಅವಳು ಅವನಿಗೆ ಬೆನ್ನು ಮಾಡಿ ಅಜ್ಜನ ದಿಂಬು ಸರಿಪಡಿಸತೊಡಗಿದಳು.

"ಈ ಟಿವಿ ಬಿಸಾಡೋದು ಬೇಡ," ಎಂದೆ ನಾನು. "ಹಿಂದೆ ಚುಚ್ಚೋ ಸಣ್ಣ ಕಡ್ಡಿ ಬರುತ್ತೆ. ಅದರಲ್ಲಿ ಎಲ್ಲಾ ಹೊಸದಿರುತ್ತೆ, ಟಿವಿ ಬರೀ ಕನ್ನಡಿ ಆಗುತ್ತೆ. ನಾಳೆ ಬೆಳಿಗ್ಗೆ ತಂದು ಹಾಕ್ತೀನಿ, ಸೊನ್ನೆ ಮೊದಲ ಪುಟದಲ್ಲಿರೋದನ್ನೇ ನೋಡಿ."

"ಅದೂ ಒಂದಿನ ನಿಲ್ಲುತ್ತೆ," ಎಂದರು ಟೀಚರ್. "ಕಲ್ಲಮ್ಮ, ವರ್ಣಮಾಲೆ ನೆನಪಿದೆ ತಾನೆ? ಹೇಳ್ತಾ ಹೋಗಿ, ಇವರು ಆರಿಸ್ಕೋತಾರೆ. ಹಾಲೇಶ, ಆ ತ-ಗೆ ಒತ್ತು ಹಾಕು."

ಪೆನ್ನು ತೆಗೆದು ಹಾಕಿದೆ. ಕೊಟ್ರಬಸಪ್ಪನವರು ಅದನ್ನು ನೋಡುತ್ತಲೇ ಇದ್ದರು.

ಐದೂವರೆಗೆ ಅವರನ್ನು ಕುರ್ಚಿಗೆ ಕಟ್ಟಿ ನಾನು, ವೀರೇಂದ್ರ, ಮೋನಿಕಾ ಹೊತ್ತುಕೊಂಡು ಇಳಿದೆವು. ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಹತ್ತು ನಿಮಿಷ ಬೆವರು ಇಳಿಸಿತು. ಕೆಳಗಿನ ಮನೆಯವರು ಬಂದು ಕೈಹಚ್ಚಿದರು. ಅಂಗಳದ ಬೇವಿನ ಮರದ ಕೆಳಗೆ ಇಳಿಸಿದಾಗ ತಣ್ಣನೆ ಗಾಳಿ ಬರುತ್ತಿತ್ತು. ಪಕ್ಕದ ಬೀದಿಯಲ್ಲಿ ಯಾರೋ ಬಸ್ಸಿಗೆ ಕೂಗುತ್ತಿದ್ದರು. ಕೊಟ್ರಬಸಪ್ಪನವರು ಮೇಲಕ್ಕೆ, ಎಲೆಗಳ ಕಡೆಗೆ ನೋಡುತ್ತಿದ್ದರು. ಕಲ್ಲಮ್ಮ ಪಕ್ಕದ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತರು.

ಅರ್ಧ ಗಂಟೆಯಾದ ಮೇಲೆ ಅವರು ಗಂಡನ ಕಡೆ ಬಗ್ಗಿ, ನಡುಗುವ ದನಿಯಲ್ಲಿ ಕೇಳಿದರು. "ಸಾಕಾ?"

ಕೊಟ್ರಬಸಪ್ಪನವರು ಅವರನ್ನೇ ನೋಡುತ್ತ ಕಣ್ಣು ಮಿಟುಕಿಸಿದರು. ಒಂದು ಸಲ. ಕಲ್ಲಮ್ಮ ಏಳಲು ಕಲ್ಲಿಗೆ ಕೈಯೂರಿದರು. ಅಷ್ಟರಲ್ಲಿ ಗಂಡ ಇನ್ನೊಂದು ಸಲ ಮಿಟುಕಿಸಿದರು.

ಕಲ್ಲಮ್ಮ ಮತ್ತೆ ಕುಳಿತುಕೊಂಡರು.