ಚಾಪೆ ಸುತ್ತಿಟ್ಟವರು ಯಾರು?

"ಅಜ್ಜಿ ಇಲ್ಲ ಕಣ್ರೋ!"

ಸಮೀಕ್ಷಾ ಕೂಗಿದ ರಭಸಕ್ಕೆ ಸುಕೃತಿಯ ಕೈಯಲ್ಲಿದ್ದ ಕಾಫಿ ತುಳುಕಿತು. ವೈಟ್‌ಫೀಲ್ಡಿನ ಆ ಆಫೀಸಿನಲ್ಲಿದ್ದವರೆಲ್ಲ ಎದ್ದು ಬಂದು ಸಮೀಕ್ಷಾಳ ಪರದೆಯ ಸುತ್ತ ನಿಂತರು.

ಪರದೆಯ ಮೇಲೆ ಹೊನ್ನಗಟ್ಟ. 'ಏಳು ಕಣಿವೆ' ಎಂಬ ಆನ್‌ಲೈನ್ ಆಟದ ಮೊಟ್ಟಮೊದಲ ಊರು. ಹನ್ನೆರಡು ವರ್ಷಗಳಿಂದ ಜನ ಅಲ್ಲಿ ಕಣ್ಣುಬಿಟ್ಟು, ಕತ್ತಿ ಹಿಡಿದೋ ಮಂತ್ರ ಕಲಿತೋ ಕಣಿವೆಗಳಿಗೆ ಹೊರಡುತ್ತಿದ್ದರು. ಹೊರಡುವ ಮೊದಲು ಒಂದು ಜಗಲಿ. ಜಗಲಿಯ ಮೇಲೆ ದೀಪ, ಚಾಪೆ, ಚಾಪೆಯ ಮೇಲೆ ಕಥೆ ಹೇಳುವ ಅಜ್ಜಿ. ಆಟಗಾರ 'ಹೂಂ' ಎಂದು ಟೈಪ್ ಮಾಡಿದರೆ ಕಥೆ ಮುಂದಕ್ಕೆ ಹೋಗುತ್ತಿತ್ತು. ರಾಕ್ಷಸರನ್ನು ಕೊಂದು ಬಂದ ಮಹಾ ವೀರರೂ ಅವಳ ಮುಂದೆ ಕುಳಿತು ಹೂಂಗುಟ್ಟುತ್ತಿದ್ದರು.

ಈಗ ಜಗಲಿ ಬರಿದು. ಮನೆಯ ಬಾಗಿಲು ಮುಚ್ಚಿದೆ.

ಮರುದಿನ ಬೆಳಿಗ್ಗೆ ಆಟಕ್ಕೆ ಹೊಸ ಎಕ್ಸ್‌ಪ್ಯಾನ್ಶನ್ ಸೇರಬೇಕಿತ್ತು — ಮಂಜಿನ ದ್ವೀಪ. ಹೊಸ ನೆಲ, ಹೊಸ ಯುದ್ಧ, ಹೊಸ ಮಂತ್ರಗಳು. ಹಳೆಯ ಆಟಗಾರರು ಬೇಸತ್ತು ಒಬ್ಬೊಬ್ಬರಾಗಿ ದೂರವಾಗುತ್ತಿದ್ದರು. ಆಟಕ್ಕೆ ಮತ್ತೆ ಜೀವ ಬರಲು ಈ ದ್ವೀಪವೇ ದಿಕ್ಕು. ಅಜ್ಜಿ ಮಾಯವಾಗಿದ್ದು ದ್ವೀಪ ಜೋಡಿಸಿದ್ದ ಪರೀಕ್ಷಾ ಪ್ರತಿಯಲ್ಲಿ. ನಾಳೆ ಲೋಕಕ್ಕೆ ತೆರೆಯುವುದು ಅದೇ ಪ್ರತಿ.

"ಏನ್ರೀ ಇದು?" ಮುಖ್ಯಸ್ಥ ಜಯಸಿಂಹ ಬಂದವನೇ ಸುತ್ತ ನೋಡಿದ. "ಅಜ್ಜಿ ಇಲ್ಲದ ಆಟಾನ ಜನ ಒಪ್ತಾರಾ? ಯಾರು ತೆಗೆದದ್ದು?"

ಎಲ್ಲರ ಕಣ್ಣೂ ಚಿನ್ಮಯ್ ಕಡೆ ತಿರುಗಿತು. ಹಳೆಯ ಕೋಡನ್ನು ಗುಡಿಸಿ ಸ್ವಚ್ಛ ಮಾಡುವ ಕೆಲಸ ಅವನದು. "ಆ ಅಜ್ಜಿನ ಮನೆಗೆ ಕಳಿಸಿ ಸಾರ್, ಆಟ ಸ್ಲೋ ಆಗೋದೇ ಅವಳಿಂದ" ಎಂದು ಕ್ಯಾಂಟೀನಿನಲ್ಲಿ ಅವನು ಆಡಿದ ಮಾತನ್ನು ಎಲ್ಲರೂ ಕೇಳಿದ್ದರು.

"ನಾನಲ್ಲ ಸಾರ್."

"ಮತ್ಯಾರು? ಸಂಜೆಯೊಳಗೆ ಉತ್ತರ ಬೇಕು. ಇಲ್ಲಾಂದ್ರೆ ಐಡಿ ಕಾರ್ಡು ಟೇಬಲ್ ಮೇಲಿಟ್ಟು ಹೋಗು."

ಚಿನ್ಮಯ್ ಸುಕೃತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಿದಳು. ಅವನೇ ಇರಬಹುದೆಂದು ಅವಳಿಗೂ ಅನ್ನಿಸಿತ್ತು.

ಅನ್ನಿಸಿದ್ದೇ ಅವಳನ್ನು ಚುಚ್ಚತೊಡಗಿತು. ಆಟದ ಮಾತುಗಳನ್ನು ಬರೆಯುವವಳು ಅವಳು. ಅಜ್ಜಿಯ ಬಾಯಿಗೆ ಅವಳು ಕಥೆ ಹಾಕಿದರೆ ಅದನ್ನು ಕೆಡದಂತೆ ಓಡಿಸಿಕೊಡುತ್ತಿದ್ದವನು ಇದೇ ಚಿನ್ಮಯ್. ಗೊಣಗುತ್ತಲೇ ಮಾಡುತ್ತಿದ್ದ. ಸುಕೃತಿ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.

"ನಿಜ ಹೇಳು. ಮುಟ್ಟಿದ್ಯಾ?"

"ಬೈದಿದ್ದೀನಿ. ಮುಟ್ಟಿಲ್ಲ. ಅವಳ ಕೋಡ್ ಬರೆದವರು ನರಸಿಂಹಯ್ಯ ಸಾರ್, ಆಟ ಶುರುವಾದ ಕಾಲದಲ್ಲಿ. ಆಮೇಲೆ ಅದನ್ನ ಪೂರ್ತಿ ಓದಿದವರೇ ಇಲ್ಲ. ನಂಗೆ ಹೆದರಿಕೆ ಕಣೇ, ಒಂದೆಳೆ ಎಳೆದ್ರೆ ಊರೇ ಕುಸಿದುಬಿಟ್ರೆ?"

"ಒಂದು ವೇಳೆ ಯಾರೋ ಅಳಿಸಿದ್ರು ಅನ್ಕೋ. ಏನೇನು ಹೋಗುತ್ತೆ?"

"ಎಲ್ಲಾ. ಅಜ್ಜಿ, ದೀಪ, ಚಾಪೆ — ಒಂದೇ ಗಂಟು ಅದು."

ಸುಕೃತಿ ಪರದೆಯತ್ತ ಬಗ್ಗಿದಳು. ದೀಪ ಅಲ್ಲೇ ಇತ್ತು — ಆರಿತ್ತು, ಅಷ್ಟೆ. ಬಾಗಿಲ ಪಕ್ಕದ ನೆರಳಿನಲ್ಲಿ ಏನೋ ಒರಗಿಸಿಟ್ಟಂತೆ ಕಂಡಿತು. ಚಿತ್ರ ಹಿಗ್ಗಿಸಿ ನೋಡಿದಳು.

ಚಾಪೆ. ನೀಟಾಗಿ ಸುತ್ತಿಟ್ಟಿದ್ದ ಚಾಪೆ.

"ಸಮೀಕ್ಷಾ, ಇದು ನೀನು ಬಿಡಿಸಿದ ಚಿತ್ರಾನಾ?"

"ಅಯ್ಯೋ, ನಾನ್ಯಾಕೆ ಬಿಡಿಸ್ಲಿ?" ಆಟದ ಚಿತ್ರಗಾರ್ತಿ ಸಮೀಕ್ಷಾ ಕನ್ನಡಕ ಏರಿಸಿಕೊಂಡಳು. "ಅಂಚು ನೋಡು. ಆಟದ ಮೊದಲ ವರ್ಷದವರ ಕೈ ಇದು. ಆದ್ರೆ ಇಷ್ಟು ವರ್ಷದಲ್ಲಿ ನಾನು ಇದನ್ನ ನೋಡೇ ಇಲ್ವಲ್ಲೇ!"

ಯಾರೂ ನೋಡದ ಚಿತ್ರವನ್ನು ಹನ್ನೆರಡು ವರ್ಷದ ಹಿಂದೆಯೇ ಬಿಡಿಸಿಟ್ಟವರು ಯಾಕೆ ಬಿಡಿಸಿದರು?

ಇನ್ನುಳಿದವನು ಶ್ರೀಕರ್. ದ್ವೀಪ ಕಟ್ಟಿದವನು. ಹೆಡ್‌ಫೋನ್ ಹಾಕಿಕೊಂಡು ತನ್ನ ಮಂಜನ್ನು ತಾನೇ ಮೆಚ್ಚುತ್ತ ಕೂತಿದ್ದ.

"ನಾನು ಹೊನ್ನಗಟ್ಟದ ತಂಟೆಗೇ ಹೋಗಿಲ್ಲ ತಾಯಿ!"

"ಹೊಸಬರು ಆಟ ಶುರುಮಾಡೋದು ಎಲ್ಲಿಂದ?"

"ಸೀದಾ ದ್ವೀಪದಿಂದ. ಹಳಬರೂ ದೋಣಿಯೊಳಗೇ ಕಣ್ಬಿಡ್ತಾರೆ. ಸಕ್ಕತ್ತಾಗಿದೆ, ನೋಡ್ತೀಯಾ?"

"ಪರೀಕ್ಷೆ ಶುರುವಾದ ಮೇಲೆ ಹೊನ್ನಗಟ್ಟಕ್ಕೆ ಯಾರಾದ್ರೂ ಹೋಗಿದ್ರಾ?"

"ಯಾಕ್ ಹೋಗ್ತಾರೆ? ಧೂಳು ಕುಡಿಯೋಕಾ?"

ಸುಕೃತಿ ಕಿಟಕಿಯ ಬಳಿ ಹೋಗಿ ನಿಂತಳು. ಮೆಟ್ರೋ ಕಾಡುಗೋಡಿಯ ಕಡೆಗೆ ಜಾರಿಹೋಯಿತು. ಮನಸ್ಸು ಬಾಲ್ಯದ ಕಾರ್ಖಾನೆ ಕ್ವಾರ್ಟರ್ಸಿನ ಹಜಾರಕ್ಕೆ ಹೋಯಿತು: ಕರೆಂಟು ಹೋದ ಸಂಜೆ, ಅವಳ ಅಜ್ಜಿ, ಚಾಪೆ, ಸುತ್ತ ಮಕ್ಕಳು. ತೂಕಡಿಸುತ್ತಿದ್ದ ಮಕ್ಕಳು. ಆಮೇಲೆ... ಅಜ್ಜಿ ಏನು ಮಾಡುತ್ತಿದ್ದರು?

ಅವಳು ಗಕ್ಕನೆ ತಿರುಗಿದಳು. "ಜಯಸಿಂಹ ಸಾರ್‌ನ ಕರೀರಿ."

ಎಲ್ಲ ಬಂದು ನಿಂತರು. ಚಿನ್ಮಯ್ ಕಾರ್ಡನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದಿದ್ದ.

"ಅಜ್ಜಿನ ಯಾರೂ ಅಳಿಸಿಲ್ಲ ಸಾರ್. ಅಳಿಸಿದ್ರೆ ಚಾಪೆ, ದೀಪ ಉಳೀತಿರಲಿಲ್ಲ. ಚಾಪೆ ಸುತ್ತಿದೆ, ದೀಪ ಆರಿಸಿದೆ, ಬಾಗಿಲು ಹಾಕಿದೆ. ಇದು ಕಳ್ಳರ ಕೆಲಸಾನಾ? ಮನೆಯವರ ಕೆಲಸ. ಅಜ್ಜಿ ತಾನಾಗೇ ಎದ್ದು ಒಳಗೆ ಹೋಗಿದ್ದಾಳೆ."

"ಯಾಕೆ?"

"ನಮ್ಮಜ್ಜಿನೂ ಹಂಗೇ ಮಾಡ್ತಿದ್ರು. ಕಥೆ ಕೇಳೋರು ಹೂಂಗುಡ್ತಾ ಇರ್ಬೇಕು. ಹೂಂ ನಿಂತರೆ ಮಕ್ಕಳು ಮಲಗಿದ್ವು ಅಂತ ಅರ್ಥ. ಕಥೆ ಅಲ್ಲಿಗೇ ನಿಲ್ಲಿಸಿ, ಚಾಪೆ ಸುತ್ತಿಟ್ಟು ಒಳಗೆ ಹೋಗ್ತಿದ್ರು. ನರಸಿಂಹಯ್ಯನವರು ಅದನ್ನೇ ಇಲ್ಲಿ ಬರೆದಿದ್ದಾರೆ. ಹೊರಗೆ ಜನ ಆಡೋ ಆಟದಲ್ಲಿ ಇಷ್ಟು ವರ್ಷ ಯಾವಾಗ್ಲೂ ಯಾರೋ ಒಬ್ಬರು ಹೂಂ ಅಂತಾನೇ ಇದ್ರು. ಹಾಗಾಗಿ ಸುತ್ತಿದ ಚಾಪೆ ಯಾರ ಕಣ್ಣಿಗೂ ಬೀಳ್ಲಿಲ್ಲ. ಈ ಪ್ರತಿಯಲ್ಲಿ ಅಲ್ಲಿಗೆ ಯಾರೂ ಹೋಗ್ಲೇ ಇಲ್ಲ."

ಸುಕೃತಿ ಬೆರಳೆತ್ತಿದಳು. "ಶ್ರೀಕರ್, ನೀನೇ."

"ನಾನಾ? ಆ ಊರನ್ನ ಮುಟ್ಟೇ ಇಲ್ಲ!"

"ಮುಟ್ಟಲಿಲ್ಲ. ಬೇರೆಯವರು ಮುಟ್ಟೋಕೂ ದಾರಿ ಇಡಲಿಲ್ಲ. ನಿನ್ನ ದ್ವೀಪ ಚೆನ್ನಾಗಿದೆ ಕಣೋ, ಹಳೇ ಆಟಕ್ಕೆ ಅದು ಬೇಕೇಬೇಕು. ಆದ್ರೆ ಅಲ್ಲಿಗೆ ಹೋಗೋರು ಈ ಜಗಲಿ ಹಾದು ಹೋಗ್ಲಿ. ಇಲ್ಲಾಂದ್ರೆ ಅದು ಹೊಸ ಜೀವ ಅಲ್ಲ, ಬೇರೆ ಆಟ."

"ಕಥೆ ಚೆನ್ನಾಗಿದೆ," ಎಂದ ಜಯಸಿಂಹ. "ಸಾಕ್ಷಿ?"

ಸುಕೃತಿ ತನ್ನ ಪಾತ್ರವನ್ನು ಮುಚ್ಚಿದ ಬಾಗಿಲ ಮುಂದೆ ಕೂರಿಸಿದಳು. ಟೈಪ್ ಮಾಡಿದಳು: ಹೂಂ.

ಏನೂ ಆಗಲಿಲ್ಲ. ಶ್ರೀಕರ್ ನಗಲು ಬಾಯಿ ತೆರೆದ.

ದೀಪ ಹೊತ್ತಿಕೊಂಡಿತು. ಬಾಗಿಲು ಸರಿಯಿತು. ಅಜ್ಜಿ ಬಗ್ಗಿ ಚಾಪೆ ಹಾಸಿದಳು. ಹನ್ನೆರಡು ವರ್ಷ ಯಾರೂ ಓದದ ಸಾಲೊಂದು ಪರದೆಯ ಮೇಲೆ ಮೂಡಿತು:

'ಮಲಗಿಬಿಟ್ರೇನೋ ಅಂದ್ಕೊಂಡೆ ಮಕ್ಕಳಾ. ಎಲ್ಲಿಗೆ ನಿಲ್ಲಿಸಿದ್ದೆ?'

ಜಯಸಿಂಹ ಪರದೆಯಿಂದ ಕಣ್ಣು ಕಿತ್ತ. "ಶ್ರೀಕರ್, ದ್ವೀಪಕ್ಕೆ ದೋಣಿ ಹತ್ತೋ ಕಟ್ಟೆ ಅಜ್ಜಿ ಮನೆ ಹಿಂದಕ್ಕೆ ಬರ್ಲಿ. ಇವತ್ತೇ. ಚಿನ್ಮಯ್... ಕಾರ್ಡು ಹಾಕ್ಕೊಳಪ್ಪಾ."

"ಸುಕೃತಿ," ಶ್ರೀಕರ್ ತಲೆ ಕೆರೆದುಕೊಂಡ, "ಅಜ್ಜಿ ಬಾಯಲ್ಲಿ ನನ್ನ ದ್ವೀಪದ್ದೂ ಒಂದು ಕಥೆ ಹಾಕ್ತೀಯಾ?"

ಎಲ್ಲರೂ ಚದುರಿದ ಮೇಲೂ ಚಿನ್ಮಯ್ ಅಲ್ಲೇ ನಿಂತಿದ್ದ.

"ಬೆಳಿಗ್ಗೆ ನೀನೂ ಅದು ನಾನೇ ಅಂದ್ಕೊಂಡಿದ್ದೆ, ಅಲ್ವಾ?"

ಸುಳ್ಳು ಹೇಳಬಹುದಿತ್ತು. "ಹೂಂ," ಎಂದಳು ಸುಕೃತಿ.

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

"ಸರೀ ಸರಿ. ಕೀಬೋರ್ಡ್ ಈ ಕಡೆ ಕೊಡು. ಅಜ್ಜಿ ಕಾಯ್ತಿದ್ದಾಳೆ."