ಮಾಳವ್ವನ ಹೂಂ

ಒಂದಾನೊಂದು ಕಾಲದಲ್ಲಿ, ಏಳು ಗುಡ್ಡಗಳ ಆಚೆ, ಕರಿಗಂಬಳಿ ಎಂಬ ರಾಜ್ಯವಿತ್ತು. ಅಲ್ಲಿನ ಜನ ಕುರಿ ಸಾಕುತ್ತಿದ್ದರು, ಕಂಬಳಿ ನೇಯುತ್ತಿದ್ದರು, ಕತೆ ಕೇಳುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಕತೆ, ಇವೆರಡಿದ್ದರೆ ಅವರಿಗೆ ಹಬ್ಬದೂಟವೂ ಬೇಕಿರಲಿಲ್ಲ. ಕತೆ ಹೇಳುವವರು ಒಂದು ಮಾತು ಹೇಳಿದರೆ ಕೇಳುವವರು "ಹೂಂ" ಅನ್ನಬೇಕು. ಹೂಂಗುಟ್ಟುವುದು ನಿಂತರೆ ಕತೆಯೂ ನಿಲ್ಲಬೇಕು. ಅದು ಅಲ್ಲಿನ ಕಟ್ಟಳೆ.

ಆ ರಾಜ್ಯಕ್ಕೆ ಬೂದಿಗಣ್ಣ ಎಂಬ ಮಾಂತ್ರಿಕ ಬಂದ. ಗುಡ್ಡದ ತುದಿಯಲ್ಲಿ ನಿಂತು ಕೂಗಿದ: "ಇವತ್ತಿಂದ ಯಾರು ಹೂಂ ಅಂದರೂ ಕಲ್ಲಾಗ್ತಾರೆ! ನನ್ನ ಮಂತ್ರಕ್ಕೆ ರಾಜನೂ ಒಂದೇ, ತಿರುಕನೂ ಒಂದೇ!"

ಮೊದಲು ಬಾಯಿ ಮುಚ್ಚಿಕೊಂಡವನು ರಾಜನೇ. ಆಮೇಲೆ ಎಲ್ಲರೂ ಎಲ್ಲದಕ್ಕೂ "ಊಹೂಂ" ಅನ್ನತೊಡಗಿದರು. ಮದುವೆಗೆ ಬರುತ್ತೀಯಾ? ಊಹೂಂ. ಹೊಸ ಹಾದಿ ಹುಡುಕೋಣವಾ? ಊಹೂಂ. ಇನ್ನೊಂದು ಮುದ್ದೆ ಹಾಕಲಾ? ಊಹೂಂ ಎನ್ನುತ್ತಲೇ ತಟ್ಟೆ ಮುಂದಕ್ಕೆ ಚಾಚುತ್ತಿದ್ದರು. ಹೊಟ್ಟೆಗೆ ಯಾವ ಮಂತ್ರ?

ಬೂದಿಗಣ್ಣ ಕೂಗಿದ ಆ ದಿನ ಎಂಟು ವರ್ಷದ ಮಾಳವ್ವ ತನ್ನ ಅಜ್ಜಿ ಕೆಂಚವ್ವನ ಮಗ್ಗದ ಪಕ್ಕ ಕೂತಿದ್ದಳು. ಅಜ್ಜಿ ನೇಯುತ್ತಾ ಹೇಳುತ್ತಿದ್ದಳು: "ಏಡಿಯೊಂದು ರಾಣಿಯ ಕಾಲುಗೆಜ್ಜೆ ಹೊತ್ತುಕೊಂಡು ಬಿಲದೊಳಕ್ಕೆ ಹೋಯ್ತು. ರಾಣಿ ಬಿಲಕ್ಕೆ ಕೈ ಹಾಕಿದಳು. ಒಳಗಿಂದ ಯಾರೋ ಅವಳ ಕೈ ಹಿಡಕೊಂಡ್ರು..."

ಅಜ್ಜಿ ಹೂಂಗೆ ಕಾದಳು. ಮಾಳವ್ವ ಹೆದರಿ ತುಟಿ ಕಚ್ಚಿಕೊಂಡಳು. ಕತೆ ನಿಂತಿತು. ಅರ್ಧಕ್ಕೆ ನಿಂತ ದನಿಯನ್ನು ಬೂದಿಗಣ್ಣ ಗಾಳಿಯಿಂದಲೇ ಎಳೆದುಕೊಂಡು ಒಂದು ಒಣಗಿದ ಸೋರೆಬುರುಡೆಯಲ್ಲಿ ಮುಚ್ಚಿಟ್ಟ. ಹೀಗೆ ಮುನ್ನೂರು ಕತೆಗಾರರ ದನಿಗಳು ಮುನ್ನೂರು ಬುರುಡೆ ಸೇರಿದವು. ಕೆಂಚವ್ವ ಮೂಕಿಯಾದಳು.

ಮಾಳವ್ವ ಬೆಳೆದಳು, ಮಗ್ಗ ಕಲಿತಳು. ಆದರೆ ಅಂದು ನುಂಗಿದ ಆ ಒಂದು ಹೂಂ ಅವಳ ಗಂಟಲಲ್ಲೇ ಉಳಿಯಿತು. ಹನ್ನೆರಡು ವರ್ಷ ದನಿ ಹೊರಗಿದ್ದರೆ ಮತ್ತೆ ಮೈಗೆ ಸೇರದು ಎಂದು ನಾಟಿವೈದ್ಯ ಹೇಳಿದ್ದ. ಹನ್ನೆರಡು ತುಂಬಲು ಒಂದೇ ದಿನ ಉಳಿದಿತ್ತು.

ಆ ಬೆಳಿಗ್ಗೆ ಎಮ್ಮೆ ಗಾತ್ರದ ಹುಂಜವೊಂದು ಅಂಗಳಕ್ಕೆ ಬಂದು ನಿಂತಿತು.

"ಬೂದಿಗಣ್ಣನ ಗುಡ್ಡಕ್ಕೆ ಹಾರ್ತಾ ಇದ್ದೀನಿ, ತಾಯಿ. ಊರವರನ್ನೆಲ್ಲ ಕೇಳಿದೆ, ಎಲ್ಲರೂ ಊಹೂಂ. ನೀನು ಹತ್ತುತ್ತೀಯಾ?"

ಅಜ್ಜಿ ಅವಳ ಸೆರಗು ಹಿಡಿದು ಬೇಡ ಬೇಡವೆಂದು ತಲೆಯಾಡಿಸಿದಳು. ಮಾಳವ್ವ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಹೆದರಿ ಸುಮ್ಮನಿದ್ದು ಏನು ಉದ್ಧಾರ ಆದ್ವಿ ಅಜ್ಜಿ? ಸಾಕು." ಹುಂಜದ ಕಡೆ ತಿರುಗಿ ಗಟ್ಟಿಯಾಗಿ ಅಂದಳು: "ಹೂಂ!"

ಮಂತ್ರ ಕಾಲ್ಬೆರಳಿಂದ ಶುರುವಾಯಿತು; ಒಂದು ಹೂಂಗೆ ಅವಳ ಪಾದಗಳಷ್ಟೇ ಕಲ್ಲಾದವು. ಹುಂಜ ಅವಳನ್ನು ಬೆನ್ನಿಗೇರಿಸಿಕೊಂಡು ಹಾರಿತು.

ಅರ್ಧ ದಾರಿಯಲ್ಲಿ ಒಂದು ಮುದಿ ಮರ ಕೊಂಬೆ ಅಡ್ಡ ಹಾಕಿತು. "ನನ್ನ ಕಾಯಿ ತಿಂತೀಯಾ? ವಿಷ ಅಂತ ಯಾರೂ ಮುಟ್ಟಲ್ಲ."

"ತಿಂದವರು ಯಾರಾದ್ರೂ ಸತ್ತಿದ್ದಾರಾ?"

"ತಿಂದವರೇ ಇಲ್ಲ."

"ಹಂಗಾದ್ರೆ ಹೂಂ!" ಅವಳು ಮೊಣಕಾಲಿನವರೆಗೆ ಕಲ್ಲಾದಳು. ಆದರೆ ಕಾಯಿ ಜೇನಿನಂತೆ ಸಿಹಿಯಾಗಿತ್ತು. ತಿಂದೊಡನೆ ಅವಳ ಕಿವಿ ತೆರೆಯಿತು. ದೂರದ ಗುಡ್ಡದಲ್ಲಿ ಬುರುಡೆಗಳು ಉಸಿರಾಡುವುದೂ ಕೇಳಿಸಿತು. ಮುನ್ನೂರರಲ್ಲಿ ಅಜ್ಜಿಯ ಉಸಿರು ಯಾವುದೆಂದು ಅವಳಿಗೆ ಗೊತ್ತಾಯಿತು.

ಬೂದಿಗಣ್ಣನ ಗುಹೆಯ ಬಾಗಿಲಲ್ಲಿ ಹುಲಿ ಕೂತಿತ್ತು. "ನಿನ್ನನ್ನು ತಿನ್ನಬಹುದು. ಆದರೆ ಬೇಜಾರಾಗಿದೆ. ಒಂದು ಕತೆ ಹೇಳ್ತೀಯಾ?"

ಮಾಳವ್ವ ಎಂದೂ ಕತೆ ಹೇಳಿದವಳಲ್ಲ, ಕೇಳಿದವಳು ಅಷ್ಟೆ. ಆದರೂ "ಹೂಂ" ಅಂದಳು. ಸೊಂಟದವರೆಗೆ ಕಲ್ಲಾಯಿತು. ಹುಂಜದ ಬೆನ್ನ ಮೇಲಿಂದಲೇ ಅಜ್ಜಿಯ ಕತೆ ಶುರುಮಾಡಿದಳು. ಹೂಂ ಅನ್ನಲು ಹುಲಿಗೂ ಭಯ. ಅದು ಹೂಂಗೆ ಬದಲಾಗಿ ಬಾಲ ಅಲ್ಲಾಡಿಸುತ್ತಾ ಕೇಳಿತು.

"ಒಳಗಿಂದ ಯಾರೋ ಅವಳ ಕೈ ಹಿಡಕೊಂಡ್ರು..."

"ಯಾರು? ಯಾರದು?"

"ಉಳಿದದ್ದು ಒಳಗಿದೆ. ದಾರಿ ಬಿಡು."

ಹುಲಿ ಎದ್ದು ದಾರಿ ಬಿಟ್ಟಿತು, ತಾನೂ ಹಿಂದೆಯೇ ಬಂತು.

ಒಳಗೆ ಸಾಲು ಸಾಲು ಬುರುಡೆಗಳು ನೇತಾಡುತ್ತಿದ್ದವು. ಮಾಳವ್ವ ಅಜ್ಜಿಯ ಬುರುಡೆಯನ್ನು ಕಿತ್ತು ಕಿವಿಗಿಟ್ಟುಕೊಂಡಳು. ಬೂದಿಗಣ್ಣ ಎದುರಿಗೆ ಬಂದು ನಕ್ಕ.

"ಏನು ಮಾಡ್ತೀಯಾ ಹುಡುಗಿ? ಹೂಂ ಅನ್ನದಿದ್ರೆ ಅದು ಮಾತಾಡಲ್ಲ. ಹೂಂ ಅಂದ್ರೆ ನೀನು ಉಳಿಯಲ್ಲ."

"ಕತೆ ಕೇಳೋದಕ್ಕೆ ನಿನ್ನ ಅಪ್ಪಣೆ ಯಾರಿಗೆ ಬೇಕು? ಹೂಂ!"

ಅಂದು ಹೇಳಬೇಕಿದ್ದ ಹೂಂ ಅದು. ಅವಳ ಎದೆ ಕಲ್ಲಾಯಿತು. ಬುರುಡೆಯೊಳಗಿಂದ ಅಜ್ಜಿಯ ದನಿ ಹೊರಟಿತು, ಗುಹೆಯೆಲ್ಲ ತುಂಬಿತು. "ಹಿಡಿದ ಕೈಯಲ್ಲಿ ಹಸಿರು ಬಳೆ ಇತ್ತು..."

"ಹೂಂ!" ಕತ್ತು ಕಲ್ಲಾಯಿತು.

"ಆ ಬಳೆ ನೋಡಿ ರಾಣಿ ಕಿರುಚಿದಳು. ಯಾಕಂದ್ರೆ ಆ ಕೈ ಯಾರದು ಅಂದ್ರೆ..."

ಮಾಳವ್ವ ಬಾಯಿ ತೆರೆಯಹೋದಳು. ಕತ್ತಿನಿಂದ ಮೇಲೇರಿದ ಕಲ್ಲು ತುಟಿಯನ್ನೂ ಹಿಡಿದಿತ್ತು. ಬುರುಡೆ ಕಾಯುತ್ತಾ ಸುಮ್ಮನಾಯಿತು.

ಬೂದಿಗಣ್ಣ ಗೆದ್ದಿದ್ದ. ಅವನು ಸುಮ್ಮನೆ ಇದ್ದಿದ್ದರೆ ಸಾಕಿತ್ತು. ಆದರೆ ಹನ್ನೆರಡು ವರ್ಷದಿಂದ ಅವನ ಬಳಿ ಇದ್ದದ್ದು ಮುನ್ನೂರು ಅರ್ಧ ಕತೆಗಳು. ಒಂದರ ಕೊನೆಯೂ ಅವನಿಗೆ ಗೊತ್ತಿರಲಿಲ್ಲ. ಈಗ ಒಂದು ಕತೆ ಮುಂದಕ್ಕೆ ಹೋಗಿ ಮತ್ತೆ ಬಾಗಿಲಲ್ಲೇ ನಿಂತಿತ್ತು. ಅವನು ಬುರುಡೆಯ ಕಡೆ ಬಾಗಿದ. ಬೆವರಿದ. ಕೈ ಹಿಸುಕಿಕೊಂಡ. ಕೊನೆಗೆ ತಡೆಯಲಾರದೆ ಅವನ ಬಾಯಿಂದ ಬಂದೇಬಿಟ್ಟಿತು:

"ಹೂಂ... ಆಮೇಲೆ?"

ಹಾಕಿದವನಿಗೇ ತಿರುಗಿದ ಮಂತ್ರ ಕಾಲ್ಬೆರಳಿಂದ ಶುರುಮಾಡುವುದಿಲ್ಲ. ಒಂದೇ ಏಟಿಗೆ ಬೂದಿಗಣ್ಣ ನೆತ್ತಿಯವರೆಗೆ ಕಲ್ಲಾದ. ಮಾಳವ್ವನ ಮೈಮೇಲಿನ ಕಲ್ಲು ಒಣಮಣ್ಣಿನ ಹಾಗೆ ಉದುರಿತು. ಬುರುಡೆ ಮುಂದುವರಿಸಿತು.

"ಹುಟ್ಟಿದ ದಿನವೇ ರಾಣಿಯ ಬಳೆ ಸಮೇತ ನಾಗರು ಎತ್ತಿಕೊಂಡು ಹೋಗಿದ್ದ ಅವಳ ಮಗಳದ್ದು! ಏಡಿಯ ಕೈಲಿ ಗೆಜ್ಜೆ ತರಿಸಿ ಅಮ್ಮನನ್ನ ಕರೆಸಿಕೊಂಡಿದ್ದಳು."

ಮಾಳವ್ವ ಗಳಗಳನೆ ಅತ್ತಳು. ಹುಲಿಯೂ ಅತ್ತಿತು. ಕೇಳದೇ ಹೋದವನು ಬೂದಿಗಣ್ಣ ಒಬ್ಬನೇ.

ಮುಗಿದ ಕತೆಯ ದನಿ ಮನೆಗೆ ಹಾರಿತು. ಅದರ ಹಿಂದೆಯೇ ಮಾಳವ್ವ ಬಂದಾಗ ಕೆಂಚವ್ವ ಅಂಗಳದಲ್ಲಿ ನಿಂತಿದ್ದಳು. "ಅವತ್ತೇ ಹೂಂ ಅಂದಿದ್ರೆ ಇಷ್ಟೆಲ್ಲ ಓಡಾಟ ತಪ್ಪುತ್ತಿತ್ತಲ್ಲೇ ಮಗಾ," ಎಂದು ಬೈದಳು. ಹನ್ನೆರಡು ವರ್ಷದ ಮೇಲೆ ಬಿದ್ದ ಬೈಗುಳ. ಮಾಳವ್ವನಿಗೆ ಅದಕ್ಕಿಂತ ಸಿಹಿ ಮಾತು ಬೇಕಿರಲಿಲ್ಲ.

ಆಮೇಲೆ ಊರಿಗೆ ಊರೇ ಗುಡ್ಡ ಹತ್ತಿತು. ರಾಜ ಎಲ್ಲರಿಗಿಂತ ಹಿಂದೆ. ಸಂಜೆಯೊಳಗೆ ಎಲ್ಲ ಬುರುಡೆಗಳಿಗೂ ಹೂಂಗುಟ್ಟಿ ಎಲ್ಲ ದನಿಗಳನ್ನೂ ಬಿಡಿಸಿದರು. ದನಿ ಹೋದರೂ ಬುರುಡೆಗಳು ಕತೆ ಮರೆಯಲಿಲ್ಲ. ಇಂದಿಗೂ ಅಲ್ಲಿ ಮಗ್ಗಕ್ಕೊಂದು ಬುರುಡೆ ಉಂಟು. ಕೈ ನೇಯುತ್ತದೆ, ಕಿವಿ ಕೇಳುತ್ತದೆ, ಎಲ್ಲರೂ ಸುಖವಾಗಿದ್ದಾರೆ.

ಬೂದಿಗಣ್ಣನನ್ನು ಹೊಳೆಯ ದಂಡೆಗೆ ಉರುಳಿಸಿಕೊಂಡು ಬಂದರು. ಅವನ ಬೆನ್ನ ಮೇಲೆ ಹೆಂಗಸರು ಕಂಬಳಿ ಒಗೆಯುತ್ತಾರೆ. ಕತೆ ಹೇಳುತ್ತಲೇ ಒಗೆಯುತ್ತಾರೆ, ಮತ್ತು ಬೇಕೆಂದೇ, ಪ್ರತಿ ಏಟಿಗೂ ಒಂದೊಂದು ಹೂಂ ಅನ್ನುತ್ತಾರೆ.