ಹೋಗ್ತೀನಿ ಅಂದದ್ದಕ್ಕೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಪರದೇಶದಲ್ಲಿ ಒಬ್ಬಳೇ ಊರಿಂದೂರಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಹಾಡಹಗಲು; ಬೋಗಿಯಲ್ಲಿ ನನ್ನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಎದುರಿನ ಸೀಟಿನ ಮೆತ್ತೆ ಯಾರೋ ಕೂತಂತೆ ಮೆಲ್ಲಗೆ ತಗ್ಗಿತು. ನನ್ನ ಮಂಡಿಗೆ ತಣ್ಣನೆಯ ಮಂಡಿಯೊಂದು ತಾಗಿತು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಟಿಕೆಟ್ ನೋಡಲು ಬಂದವನು ಆ ಖಾಲಿ ಸೀಟಿಗೂ ತಲೆಬಾಗಿ ಹೋದ.

ಇಳಿಯುವಾಗ ಬೇಕಂತಲೇ ಅದರ ಕಡೆ ತಿರುಗಿ, "ಹೋಗ್ತೀನಿ" ಎಂದೆ.

"ಹಾಗನ್ನಬಾರದಮ್ಮ," ಎಂದಿತು ಖಾಲಿ ಸೀಟು, ಅಚ್ಚ ಕನ್ನಡದಲ್ಲಿ. "ಹೋಗಿ ಬರ್ತೀನಿ ಅನ್ನು."

"ಅನ್ನಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ."

ರೈಲು ಹೊರಟುಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಬೆನ್ನ ಹಿಂದೆಯೇ ಅದೇ ದನಿ ಕೇಳಿಸಿತು: "ಸರಿ ಬಿಡು, ನಾನೇ ಬರ್ತೀನಿ."

ತಿರುಗಿ ನೋಡದೆ ನಡೆದೆ. ಹೆಗಲ ಮೇಲಿನ ಬ್ಯಾಗನ್ನು ಮಾತ್ರ ಯಾರೋ ಹಿಂದಿನಿಂದ ಎತ್ತಿ ಹಿಡಿದಿದ್ದರು.